‘ಕಾಲೊನಿ’ ಎಂಬ ಮಾತು

ಒಂದು ಭಾಷೆಯ ಮನೆಗೆ ಹೊರಗಿನ ಮಾತುಗಳು ಬರುವ ಬಗೆಯು ನೆಂಟರು ಬರುವ ಬಗೆಯಂತೆಯೇ ಹಲವು ವಿಧವಾದುದು. ಕೆಲವು ಹಬ್ಬಕ್ಕೆ ಬಂದು, ಉಂಡು, ಹೊರಟುಹೋಗುತ್ತವೆ. ಕೆಲವು ಜಗಲಿಯ ಮೇಲೆಯೇ ವರ್ಷಗಟ್ಟಲೆ ಕುಳಿತಿರುತ್ತವೆ. ಮತ್ತೆ ಕೆಲವು ಒಳಮನೆಯನ್ನು ಹೊಕ್ಕು, ಕೆಲಸಕ್ಕೆ ಕೈಹಚ್ಚಿ, ಇವು ಹೊರಗಿನವೆಂಬುದನ್ನು ಮನೆಯ ಮಕ್ಕಳು ನಂಬದಷ್ಟು ಒಳಗಿನವೇ ಆಗಿಬಿಡುತ್ತವೆ. ಬಸ್ಸು, ರೈಲು, ಟಿಕೇಟು, ಪೆನ್ಸಿಲು ಮೊದಲಾದುವು ಈ ಕಡೆಯ ವರ್ಗದವು. ‘ಕಾಲೊನಿ’ ಎಂಬ ಇಂಗ್ಲಿಷು ಮಾತೂ ಇದೇ ವರ್ಗಕ್ಕೆ ಸೇರಿದುದು. ಅಕ್ಷರ ಬಾರದ ಮುದುಕಿಯೂ ಈ ಮಾತನ್ನು ತಡವರಿಸದೆ ಆಡುವಳು. ಆದರೆ ಬಸ್ಸಿಗೂ ಇದಕ್ಕೂ ಒಂದು ಭೇದವುಂಟು. ಬಸ್ಸೆಂದರೆ ಎಲ್ಲೆಡೆಯಲ್ಲಿಯೂ ಬಸ್ಸೇ. ಕಾಲೊನಿಯೆಂದರೆ ಆಡುವವನ ಬಾಯಿ ಯಾವುದು, ಕೈ ತೋರುವ ದಿಕ್ಕು ಯಾವುದು ಎಂಬುದರ ಮೇಲೆ ಅರ್ಥವು ಬದಲಾಗುವುದು. ಒಮ್ಮೆ ಗೌರವ, ಒಮ್ಮೆ ಕನಿಕರ, ಒಮ್ಮೆ ತಾತ್ಸಾರ. ಇಷ್ಟು ಭಾವಗಳನ್ನು ಹೊತ್ತ ಮಾತು ಬರಿಯ ಹೆಸರಾಗಿ ಉಳಿಯುವುದಿಲ್ಲ. ಅದು ಒಂದು ತೀರ್ಪಿನಂತೆ ನಡೆದುಕೊಳ್ಳುತ್ತದೆ. ಆದಕಾರಣ ಅದನ್ನು ಕೊಂಚ ನಿಂತು ವಿಚಾರಿಸುವುದು ಯುಕ್ತ.

ಮೊದಲು ದಿನಬಳಕೆಯನ್ನೇ ನೋಡಬಹುದು. ಪಟ್ಟಣದಲ್ಲಿ ರೈಲ್ವೆ ಕಾಲೊನಿ, ಪೊಲೀಸ್ ಕಾಲೊನಿ, ಶಿಕ್ಷಕರ ಕಾಲೊನಿ ಎಂದು ಉಂಟು. ಅಲ್ಲಿ ಒಂದೇ ಇಲಾಖೆಯವರು ಒಂದೇ ಅಚ್ಚಿನ ಮನೆಗಳಲ್ಲಿ ವಾಸಿಸುವರು. ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿ ವಿದ್ಯುತ್ ಯೋಜನೆಗಾಗಿ ಕಾಡಿನ ನಡುವೆ ಅಂಬಿಕಾನಗರ, ಗಣೇಶಗುಡಿ ಎಂಬ ನೌಕರರ ನೆಲೆಗಳು ಎದ್ದುವು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಸುತ್ತ ಬಂಗೂರನಗರವು ಬೆಳೆಯಿತು. ಇವೆಲ್ಲ ಜನರ ಬಾಯಲ್ಲಿ ಕಾಲೊನಿಗಳೇ. ಊರ ಹೊರಗೆ ಬಡವರಿಗಾಗಿ ಸರಕಾರವು ಕಟ್ಟಿಸಿದುದು ಜನತಾ ಕಾಲೊನಿ. ಪ್ರಾಣಿಶಾಸ್ತ್ರದ ಪುಸ್ತಕವನ್ನು ತೆರೆದರೆ ಇರುವೆಗಳ ಕಾಲೊನಿ, ಹವಳದ ಕಾಲೊನಿ. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿಯು ಬೆಳೆದು ಒಡೆದು ಕಣ್ಣಿಗೆ ಕಾಣುವಷ್ಟು ಚುಕ್ಕೆಯಾದರೆ ಅದೂ ಕಾಲೊನಿ. ಚರಿತ್ರೆಯ ಪುಸ್ತಕದಲ್ಲಾದರೋ ಒಂದು ದೇಶವು ಇನ್ನೊಂದು ದೇಶವನ್ನು ನುಂಗಿ ಕುಳಿತುದಕ್ಕೆ ಅದೇ ಹೆಸರು. ಇರುವೆಯ ಗೂಡಿಗೂ ಸಾಮ್ರಾಜ್ಯದ ಆಕ್ರಮಣಕ್ಕೂ ಪೊಲೀಸರ ಮನೆಸಾಲಿಗೂ ಒಂದೇ ಮಾತು ಸಾಕಾಗುವುದೆಂದರೆ ಆಶ್ಚರ್ಯವಲ್ಲವೇ? ಇವೆಲ್ಲಕ್ಕೂ ಸಾಮಾನ್ಯವಾದ ಗುಣವೊಂದು ಮಾತ್ರ ಕಾಣುವುದು: ಒಂದೇ ಬಗೆಯ ಜೀವಿಗಳು ಒಟ್ಟಾಗಿ, ಸುತ್ತಣವರಿಂದ ಬೇರೆಯಾಗಿ, ಒಂದೆಡೆ ನೆಲೆಸಿರುವುದು. ಒಟ್ಟಾಗಿರುವುದು ಈ ಮಾತಿನ ಒಂದು ಮುಖವಾದರೆ ಬೇರೆಯಾಗಿರುವುದು ಮತ್ತೊಂದು ಮುಖ.

ಮಾತಿನ ಮೂಲವನ್ನು ಹುಡುಕಿಕೊಂಡು ಹೋದರೆ ಅದು ಯೂರೋಪಿನ ಹಳೆಯ ಲ್ಯಾಟಿನ್ ಭಾಷೆಯ ಹೊಲಕ್ಕೆ ಕರೆದೊಯ್ಯುತ್ತದೆ. ಆ ಭಾಷೆಯಲ್ಲಿ ‘ಕೋಲೆರೆ’ ಎಂಬ ಧಾತುವಿಗೆ ನೆಲವನ್ನು ಉಳುವುದು, ಅಲ್ಲಿ ವಾಸಿಸುವುದು, ಆದರಿಸುವುದು ಅಥವಾ ಪೂಜಿಸುವುದು ಎಂಬ ಮೂರು ಅರ್ಥಗಳುಂಟು. ಉಳುವವನು ‘ಕೊಲೋನುಸ್’, ಅವರ ನೆಲೆ ‘ಕೊಲೋನಿಯಾ’. ಸಂಸ್ಕೃತಿಯೆಂಬ ಅರ್ಥದಲ್ಲಿ ಇಂಗ್ಲಿಷಿನವರು ಬಳಸುವ ‘ಕಲ್ಚರ್’ ಎಂಬ ಮಾತೂ ಇದೇ ಬೇರಿನಿಂದ ಚಿಗುರಿದುದು. ರೋಮಿನವರು ದಂಡಿನ ಸೇವೆ ಮುಗಿಸಿದ ಸಿಪಾಯಿಗಳಿಗೆ ಗೆದ್ದ ಸೀಮೆಗಳಲ್ಲಿ ಹೊಲಗಳನ್ನು ಹಂಚಿ ಇಂಥ ನೆಲೆಗಳನ್ನು ಸ್ಥಾಪಿಸುತ್ತಿದ್ದರು. ಜರ್ಮನಿಯ ಕೊಲೋನ್ ನಗರವು ಇಂದಿಗೂ ಆ ಹೆಸರನ್ನೇ ಹೊತ್ತಿದೆ, ಕ್ರಿ.ಶ. 50ರಲ್ಲಿ ಅದಕ್ಕೆ ಆ ಪದವಿಯು ದೊರೆಯಿತು. ಸಿಪಾಯಿಗೆ ಅದು ಬಹುಮಾನ. ಆ ಹೊಲವನ್ನು ಅದುವರೆಗೆ ಉಳುತ್ತಿದ್ದವನಿಗೆ ಅದು ಏನಾಗಿದ್ದಿತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು. ಹೀಗೆ ಉಳುಮೆಯ ಮಾತಿನೊಳಗೆ ಕತ್ತಿಯು ಮೊದಲೇ ಸೇರಿಕೊಂಡಿತು. ಮುಂದೆ ಯೂರೋಪಿನ ಜನರು ಹಡಗುಗಳನ್ನೇರಿ ದೇಶದೇಶಗಳನ್ನು ಆಕ್ರಮಿಸಿದಾಗ ಕತ್ತಿಯು ಬೆಳೆದು, ನೇಗಿಲು ಮರೆಯಾಯಿತು. ಕಡೆಗೆ ಕಾಲೊನಿಯೆಂದರೆ ಅಲ್ಲಿ ಉಳುವವರದಲ್ಲ, ದೂರದಲ್ಲಿ ಕುಳಿತು ಆಳುವವರದು ಎಂಬಂತಾಯಿತು.

ಕನ್ನಡ ನಾಡಿಗೆ ಈ ವಸ್ತುವು ಹೊಸತೇನೂ ಅಲ್ಲ. ಮಾತು ಮಾತ್ರ ಹೊಸತು. ಅರಸರು ವಿದ್ವಾಂಸರನ್ನು ಕರೆತಂದು ಭೂಮಿಯನ್ನಿತ್ತು ನಿಲ್ಲಿಸಿದ ನೆಲೆಗೆ ಅಗ್ರಹಾರವೆಂದು ಹೆಸರು. ಕದಂಬರು ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆಸಿ ತಾಳಗುಂದದಲ್ಲಿ ನೆಲೆಗೊಳಿಸಿದರೆಂಬ ಐತಿಹ್ಯವುಂಟು. ಅಂದರೆ ಹೊರಗಿನಿಂದ ಬಂದ ಗುಂಪೊಂದಕ್ಕೆ ನೆಲ ಕೊಟ್ಟು ಇರಿಸುವ ಪದ್ಧತಿಯು ಈ ನಾಡಿನಲ್ಲಿ ಬಹು ಹಳೆಯದು. ದಂಡು ಬಿಟ್ಟ ಸ್ಥಳವು ಪಾಳ್ಯವಾಯಿತು. ದಂಡು ಹೋದರೂ ಪಾಳ್ಯವು ಉಳಿದು ಊರಾಯಿತು. ಲಂಬಾಣಿಗರು ಇಳಿದುದು ತಾಂಡಾ. ಕಾಡಿನ ಜನರದು ಹಾಡಿ. ಊರಿನ ಅಂಚಿನದು ಕೇರಿ. ಮರಾಠಿಯ ಮೂಲಕ ಬಂದ ‘ವಸಾಹತು’ ಎಂಬ ಮಾತು ಕಾಲೊನಿಗೆ ಸಮನೆಂದು ಪಂಡಿತರು ಒಪ್ಪಿರುವರು. ಅದರ ಪಾಡೂ ಕಾಲೊನಿಯ ಪಾಡೇ: ‘ಕೈಗಾರಿಕಾ ವಸಾಹತು’ ಎಂದರೆ ಊರಿಗೆ ಲಾಭ, ‘ವಸಾಹತುಶಾಹಿ’ ಎಂದರೆ ದೇಶಕ್ಕೆ ದಾಸ್ಯ. ಆದರೂ ಹಳೆಯ ಮಾತುಗಳಲ್ಲಿ ಒಂದು ಪ್ರಾಮಾಣಿಕತೆಯಿದ್ದಿತು. ಅಗ್ರಹಾರವೆಂದರೆ ಮೇಲೆಂದೂ ಕೇರಿಯೆಂದರೆ ಕೆಳಗೆಂದೂ ಸಮಾಜವು ಬಾಯಿಬಿಟ್ಟೇ ಹೇಳುತ್ತಿದ್ದಿತು. ಕಾಲೊನಿ ಎಂಬ ಹೊಸ ಮಾತು ಬಂದುದರಿಂದ ಆದ ಬದಲಾವಣೆಯೇನೆಂದರೆ ಮೇಲೂ ಕೆಳಗೂ ಒಂದೇ ಹೆಸರಿನ ಹೊದಿಕೆಯೊಳಗೆ ಅಡಗಿಕೊಂಡುವು. ‘ಅವರು ಹೊಸ ಕಾಲೊನಿಯಲ್ಲಿ ಮನೆ ಕಟ್ಟಿಸಿದ್ದಾರೆ’ ಎಂದರೆ ಕೇಳಿದವರು ತಲೆದೂಗುವರು. ಎಷ್ಟೋ ಹಳ್ಳಿಗಳಲ್ಲಿ ‘ಅವರು ಕಾಲೊನಿಯವರು’ ಎಂದರೆ ಕೇಳಿದವರು ಮುಂದಿನ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಜಾತಿಯನ್ನು ಹೇಳದೆಯೇ ಹೇಳಿದಂತಾಯಿತು. ಹೊಲಗೇರಿ ಎಂಬ ಮಾತು ನಾಗರಿಕರ ಬಾಯಿಂದ ಹೋಯಿತು. ಆ ಮಾತು ಕಾವಲು ಕಾಯುತ್ತಿದ್ದ ಬೇಲಿಯು ಇಂಗ್ಲಿಷು ಅಂಗಿ ತೊಟ್ಟುಕೊಂಡು ಅಲ್ಲಿಯೇ ನಿಂತಿದೆ.

ಇದರಿಂದ ಹುಟ್ಟುವ ಮೊದಲನೆಯ ಪ್ರಶ್ನೆಯು ಇದು: ಹೆಸರು ಬದಲಾದರೆ ವಸ್ತುವು ಬದಲಾಗುವುದೇ? ಬದಲಾಗದೆಂಬುದಕ್ಕೆ ಎರಡು ಐತಿಹಾಸಿಕ ನಿದರ್ಶನಗಳು ಕೈಗೆಟಕುವಷ್ಟು ಸಮೀಪದಲ್ಲಿಯೇ ಉಂಟು. 1858ರಿಂದ 1947ರ ವರೆಗೆ ಭಾರತವು ಇಂಗ್ಲೆಂಡಿನ ಲೆಕ್ಕಪತ್ರಗಳಲ್ಲಿ ಕಾಲೊನಿಗಳ ಪಟ್ಟಿಯೊಳಗೆ ಇರಲಿಲ್ಲ. ಸಿಂಹಳದ ಆಡಳಿತವು ಕಾಲೊನಿಗಳ ಕಚೇರಿಗೆ ಸೇರಿದ್ದರೆ ಭಾರತಕ್ಕೆಂದು ಲಂಡನ್ನಿನಲ್ಲಿ ಬೇರೆಯೇ ಒಂದು ಕಚೇರಿಯಿದ್ದಿತು. ಹೆಸರಿಲ್ಲವೆಂದ ಮಾತ್ರಕ್ಕೆ ದಾಸ್ಯವಿರಲಿಲ್ಲವೆಂದು ಯಾರೂ ಹೇಳಲಾರರು. ಇನ್ನು ಗೋವೆಯ ಸಂಗತಿ. ಕಾಲೊನಿಗಳನ್ನು ಬಿಟ್ಟುಕೊಡಬೇಕೆಂಬ ಕೂಗು ಲೋಕದಲ್ಲಿ ಏಳುತ್ತಿದ್ದಂತೆ ಪೋರ್ತುಗಾಲವು 1951ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ತನ್ನ ಕಾಲೊನಿಗಳಿಗೆ ‘ಸಮುದ್ರದಾಚೆಯ ಪ್ರಾಂತಗಳು’ ಎಂದು ಹೆಸರಿಟ್ಟಿತು. ಕಾಲೊನಿಯೇ ಇಲ್ಲದ ಮೇಲೆ ಬಿಡುವುದೇನನ್ನು ಎಂಬುದು ಅದರ ವಾದ. 1961ರ ಡಿಸೆಂಬರಿನಲ್ಲಿ ಗೋವೆಯು ಬಿಡುಗಡೆಯಾಗುವ ವರೆಗೂ ಆ ಹೆಸರು ನಡೆಯಿತು; ವಸ್ತುವೂ ಹಾಗೆಯೇ ನಡೆಯಿತು. ಅದೇ ಗೋವೆಗೆ ಶತಮಾನಗಳ ಹಿಂದೆ ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರಲ್ಲಿ ಎಷ್ಟೋ ಜನರು ತಪ್ಪಿಸಿಕೊಂಡು ಘಟ್ಟದ ಕಾಡನ್ನು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಸೀಮೆಯ ಸಿದ್ದಿಗಳು ಬಹುಮಟ್ಟಿಗೆ ಅವರ ಸಂತತಿ. ಕಾಲೊನಿಯಿಂದ ಓಡಿ ಬಂದು ಕಾಡಿನಲ್ಲಿ ಮನೆ ಮಾಡಿಕೊಂಡ ಆ ಜನರಿಗೆ ಪರಿಶಿಷ್ಟ ಪಂಗಡದ ಮಾನ್ಯತೆಯು ದೊರೆತುದು 2003ರಲ್ಲಿ.

ಇದೇ ಸೀಮೆಯಲ್ಲಿಯೇ, ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಹೋಗುವ ದಾರಿಯಲ್ಲಿ, ಕಾಲೊನಿ ಎಂಬ ಮಾತಿಗೆ ತೀರ ಬೇರೆಯಾದ ಅರ್ಥವೊಂದು ಮೈತಳೆದು ನಿಂತಿದೆ. ಅದು ಟಿಬೆಟನ್ ಕಾಲೊನಿ. 1959ರ ಮಾರ್ಚ್ ತಿಂಗಳಲ್ಲಿ ದಲೈ ಲಾಮಾ ಅವರು ಲಾಸಾ ನಗರವನ್ನು ಬಿಟ್ಟು ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನರು ಬಂದರು. ಬಂದವರಲ್ಲಿ ಬಹುಮಂದಿ ಮೊದಲು ಹಿಮಾಲಯದ ತಪ್ಪಲಿನಲ್ಲಿ ರಸ್ತೆಯ ಕಲ್ಲೊಡೆದು ಹೊಟ್ಟೆ ಹೊರೆದರು. ಭಾರತ ಸರಕಾರವು ಇವರಿಗೆ ನೆಲ ಕೊಡುವಿರಾ ಎಂದು ಪ್ರಾಂತಗಳನ್ನು ಕೇಳಿದಾಗ, ಮೈಸೂರು ರಾಜ್ಯವು ಮುಂದೆ ಬಂದಿತು. ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟುದು ಮೊದಲು. 1966ರಲ್ಲಿ ಮುಂಡಗೋಡದ ಹತ್ತಿರ ಸುಮಾರು 4,000 ಎಕರೆ ಕಾಡು ನೆಲದಲ್ಲಿ ಎರಡನೆಯ ದೊಡ್ಡ ನೆಲೆಯು ಪ್ರಾರಂಭವಾಯಿತು. ಮುಂದೆ ಹುಣಸೂರಿನ ಹತ್ತಿರ ಗುರುಪುರ, ಕೊಳ್ಳೇಗಾಲದ ಕಡೆ ಒಡೆಯರಪಾಳ್ಯ ಮುಂತಾದ ನೆಲೆಗಳಾದುವು. ಈ ವರ್ಷಗಳ ಕಡೆ ಒಮ್ಮೆ ಗಮನವಿಡಬೇಕು. 1960ರ ಡಿಸೆಂಬರಿನಲ್ಲಿಯೇ ವಿಶ್ವಸಂಸ್ಥೆಯ ಮಹಾಸಭೆಯು ಲೋಕದಲ್ಲಿನ ಎಲ್ಲ ಕಾಲೊನಿಗಳೂ ಕೊನೆಗೊಳ್ಳಬೇಕೆಂಬ ಘೋಷಣೆಯನ್ನು ಅಂಗೀಕರಿಸಿದುದು. ಒಂದು ಅರ್ಥದಲ್ಲಿ ಕಾಲೊನಿಯು ಅಳಿಯಬೇಕೆಂದು ಲೋಕವು ನಿರ್ಧರಿಸಿದ ಹೊತ್ತಿಗೆ, ಇನ್ನೊಂದು ಅರ್ಥದಲ್ಲಿ ಅದು ಕನ್ನಡ ನಾಡಿನ ಕಾಡಂಚಿನಲ್ಲಿ ಹುಟ್ಟುತ್ತಿದ್ದಿತು.

ಹುಟ್ಟಿದುದು ಸುಲಭವಾಗಿ ಅಲ್ಲ. ಚಳಿಯ ದೇಶದಿಂದ ಬಂದವರಿಗೆ ಇಲ್ಲಿಯ ಸೆಕೆ ಹೊಸತು, ಮುಂಗಾರಿನ ಕೆಸರು ಹೊಸತು, ಮಲೆಸೀಮೆಯ ಜ್ವರ ಹೊಸತು. ಬಾರ್ಲಿ ಬೆಳೆದು ಯಾಕ್ ಕಾಯ್ದವರು ಇಲ್ಲಿ ಗೋವಿನಜೋಳವನ್ನೂ ಭತ್ತವನ್ನೂ ಬೆಳೆಯಲು ಕಲಿಯಬೇಕಾಯಿತು. ಬೆಳೆಯು ಮಳೆಯನ್ನೇ ನಂಬಿದ್ದುದರಿಂದ, ಚಳಿಗಾಲದಲ್ಲಿ ಊರೂರಿಗೆ ಹೋಗಿ ಉಣ್ಣೆಯ ಸ್ವೆಟರು ಮಾರುವುದು ಮನೆಮನೆಯ ಎರಡನೆಯ ಕಸುಬಾಯಿತು. ಬಿಕ್ಕುಗಳ ಕಥೆಯು ಇನ್ನೂ ಕಠಿನ. ಲಾಸಾದ ದೊಡ್ಡ ಮಠಗಳಿಂದ ತಪ್ಪಿಸಿಕೊಂಡು ಬಂದವರನ್ನು ಬಂಗಾಲದ ಬಕ್ಸಾ ಕೋಟೆಯಲ್ಲಿ ಇರಿಸಲಾಗಿದ್ದಿತು. ಬ್ರಿಟಿಷರ ಕಾಲದಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆರೆಮನೆಯದು. ಅಲ್ಲಿ ಅವರಲ್ಲಿ ಅನೇಕರು ಕ್ಷಯರೋಗಕ್ಕೆ ತುತ್ತಾದರು. 1969ರ ಸುಮಾರಿಗೆ ಉಳಿದವರು ದಕ್ಷಿಣಕ್ಕೆ ಬಂದು, ಮುಂಡಗೋಡದಲ್ಲಿ ಗಾಂದೆನ್ ಮತ್ತು ಡ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ಗಾಂದೆನ್ ಮಠದ ಮೂಲ ಸ್ಥಾಪನೆಯು 1409ರಲ್ಲಿ, ಡ್ರೆಪುಂಗಿನದು 1416ರಲ್ಲಿ. ಐದೂವರೆ ಶತಮಾನಗಳ ಹೆಸರುಗಳನ್ನು ಮೂಟೆಯಂತೆ ಹೊತ್ತು ತಂದು ಗೋವಿನಜೋಳದ ಹೊಲದ ಮಗ್ಗುಲಲ್ಲಿ ಇಳಿಸಿದರು. ಇಲ್ಲಿ ಮಾತಿನ ಸಂಚಾರದ ಒಂದು ವಿಚಿತ್ರವನ್ನು ಹೇಳದೆ ಬಿಡಲಾಗದು. ಡ್ರೆಪುಂಗ್ ಎಂದರೆ ಅಕ್ಕಿಯ ರಾಶಿ. ಇದು ದಕ್ಷಿಣ ಭಾರತದಲ್ಲಿ ಕೃಷ್ಣಾ ತೀರದ ಧಾನ್ಯಕಟಕವೆಂಬ ಪ್ರಾಚೀನ ಬೌದ್ಧಕ್ಷೇತ್ರದ ಹೆಸರಿನ ಅನುವಾದ. ದಕ್ಷಿಣದ ಹೆಸರೊಂದು ಹಿಮದ ನಾಡಿಗೆ ಹೋಗಿ, ಅಲ್ಲಿಯ ಭಾಷೆಯನ್ನು ಉಟ್ಟು, ಕಡೆಗೆ ನಿರಾಶ್ರಿತವಾಗಿ ದಕ್ಷಿಣಕ್ಕೇ ಮರಳಿತು. ಬಂದವರು ಹೊರಗಿನವರೋ ಮರಳಿದವರೋ ಎಂಬುದನ್ನು ಹೆಸರನ್ನು ನೋಡಿ ಹೇಳುವುದು ಕಷ್ಟ.

ಈ ನೆಲೆಗೆ ಇರುವ ಹೆಸರುಗಳು ಮೂರು. ಸುತ್ತಣ ಕನ್ನಡಿಗರಿಗೆ ಅದು ಟಿಬೆಟನ್ ಕಾಲೊನಿ. ಅದರ ಒಳಗಿನ ಹಳ್ಳಿಗಳಿಗೆ ಹೆಸರಿಲ್ಲ, ಸಂಖ್ಯೆಯುಂಟು: ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು, ಹೀಗೆ; ಮಠಗಳಿರುವುದು ಲಾಮಾ ಕ್ಯಾಂಪು. ನಿವಾಸಿಗಳ ಸ್ವಂತ ಭಾಷೆಯಲ್ಲಿ ಇಡೀ ನೆಲೆಯ ಹೆಸರು ದೋಯ್ಗುಲಿಂಗ್. ಬಯಸಿದುದೆಲ್ಲ ಒದಗುವ ನೆಲೆ ಎಂದು ಅದರ ಭಾವ. ‘ಲಿಂಗ್’ ಎಂಬುದು ಜಂಬೂದ್ವೀಪವೆಂಬಲ್ಲಿಯ ದ್ವೀಪಕ್ಕೆ ಸಮನಾದ ಮಾತು. ಕಾಲೊನಿಯೆಂಬುದು ನೆರೆಯವರು ಇಟ್ಟ ಹೆಸರು. ಕ್ಯಾಂಪೆಂಬುದು ಕಚೇರಿಯು ಇಟ್ಟ ಹೆಸರು. ದ್ವೀಪವೆಂಬುದು ತಾವೇ ಇಟ್ಟುಕೊಂಡ ಹೆಸರು. ಕ್ಯಾಂಪೆಂದರೆ ಬಿಡಾರ, ನಾಳೆ ಕಿತ್ತುಕೊಂಡು ಹೋಗುವಂಥದು. 1966ರಲ್ಲಿ ಬಟ್ಟೆಯ ಡೇರೆಯ ಕಾಲಕ್ಕೆ ಅದು ತಕ್ಕ ಮಾತೇ. ಆದರೆ ಅದೇ ಕ್ಯಾಂಪಿನಲ್ಲಿ ಹುಟ್ಟಿ, ಅಲ್ಲಿಯೇ ಓದಿ, ಅಲ್ಲಿಯೇ ಮುದುಕರಾದವರು ಇಂದು ಉಂಟು. ಮೂರು ತಲೆಮಾರು ಬಾಳಿದ ಸ್ಥಳವನ್ನು ಬಿಡಾರವೆನ್ನುವುದು ಹೇಗೆ? ಎಷ್ಟು ವರ್ಷ ಕಳೆದರೆ ಬಿಡಾರವು ಊರಾಗುವುದು? ಈ ವಿಚಾರದಲ್ಲಿ ಮುಖ್ಯವಾದ ನೈತಿಕ ಪ್ರಶ್ನೆಯು ಇದೇ.

ಊರೆಂದು ಕರೆದುಬಿಟ್ಟರೆ ತೀರಿತಲ್ಲ ಎಂದು ಉದಾರಿಗಳು ಥಟ್ಟನೆ ಹೇಳಬಹುದು. ಆದರೆ ದೇಶವನ್ನು ಕಳೆದುಕೊಂಡವನ ಮನಸ್ಸನ್ನು ಇಷ್ಟು ಸುಲಭವಾಗಿ ಅಳೆಯಲಾಗದು. ಇದನ್ನು ಊರೆಂದು ಒಪ್ಪಿದರೆ ಅದನ್ನು ಬಿಟ್ಟುಕೊಟ್ಟಂತೆ ಆಗದೇ ಎಂಬ ಅಳುಕು ಅವನದು. ಹಿಂದಿರುಗುವೆವೆಂಬ ಆಸೆಯನ್ನು ಬಿಡದವನಿಗೆ ಕ್ಯಾಂಪೆಂಬ ಮಾತು ಅವಮಾನವಲ್ಲ, ವ್ರತ. ಅವನ ಮೊಮ್ಮಗನಿಗಾದರೋ ಲಾಸಾ ನಗರವು ಅಜ್ಜನು ಹೇಳಿದ ಕಥೆ. ಮುಂಡಗೋಡದ ಸಂತೆ, ಹುಬ್ಬಳ್ಳಿಯ ಬಸ್ಸು, ಬಾಯಿಗೆ ಸಲೀಸಾದ ಕನ್ನಡ ಇವೇ ಕಣ್ಣೆದುರಿನ ಸತ್ಯ. ಒಂದೇ ಮನೆಯ ಹೊಸ್ತಿಲಲ್ಲಿ ಈ ಎರಡು ನ್ಯಾಯಗಳು ಎದುರುಬದುರಾಗಿ ನಿಂತಿವೆ. ಕಾನೂನು ಕೂಡ ಈ ದ್ವಂದ್ವವನ್ನು ಬಿಡಿಸದೆ ಬಿಗಿಗೊಳಿಸಿದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ಪೌರತ್ವದ ಶಾಸನವು ಹೇಳುವುದು. ಇದು ಟಿಬೆಟಿನವರ ಮಕ್ಕಳಿಗೂ ಸಲ್ಲುವುದೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿತು. ಆದರೆ 2017ರಲ್ಲಿ ಅಂಥವರಿಗೆ ರಹದಾರಿ ಪತ್ರವನ್ನು ಕೊಡಲು ವಿಧಿಸಿದ ನಿಬಂಧನೆಗಳಲ್ಲಿ, ನಿರಾಶ್ರಿತರ ನೋಂದಣಿ ಪತ್ರವನ್ನು ಒಪ್ಪಿಸಬೇಕು, ಗೊತ್ತುಮಾಡಿದ ವಸಾಹತಿನಲ್ಲಿ ವಾಸವಾಗಿರಬಾರದು ಎಂಬುವೂ ಸೇರಿದ್ದುವು. ಅಂದರೆ ದೇಶವು ಬೇಕೆಂದರೆ ಹುಟ್ಟಿದ ಮನೆಯನ್ನು ಬಿಡಬೇಕು. ಹುಟ್ಟಿದ ಮನೆಯು ಬೇಕೆಂದರೆ ದೇಶದಲ್ಲಿ ಪರಕೀಯನಾಗಿರಬೇಕು. ಒಂದು ಮಾತಿನ ಅರ್ಥವು ಬರಿಯ ನಿಘಂಟಿನ ಸಂಗತಿಯಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ? ಯಾವ ನೆಲವನ್ನು ಕಾಲೊನಿಯೆಂದು ಬರೆದಿದೆಯೋ ಅಲ್ಲಿ ನಿಂತವನು ಪ್ರಜೆಯಾಗಿ ನಿಲ್ಲುವುದು ಕಷ್ಟ.

ಇನ್ನೊಂದು ಪಕ್ಷವನ್ನೂ ಕೇಳುವುದು ಧರ್ಮ. ಪರದೇಶದಿಂದ ಬಂದವರಿಗೆ ಸಾವಿರಾರು ಎಕರೆ ದೊರೆಯಿತು. ಇಲ್ಲಿಯೇ ಹುಟ್ಟಿದ ನಿರ್ಭಾಗ್ಯರಿಗೆ ಏನು ದೊರೆಯಿತು ಎಂದು ಕೇಳುವವರು ಉಂಟು. ಈ ಮಾತನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದೇ ಜಿಲ್ಲೆಯಲ್ಲಿ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಸೂಪಾ ಪಟ್ಟಣವೇ ಮುಳುಗಿತು. ಮನೆ ಕಳೆದುಕೊಂಡವರು ರಾಮನಗರದಂಥ ಹೊಸ ನೆಲೆಗಳಿಗೆ ಹೋಗಬೇಕಾಯಿತು. ನೌಕಾನೆಲೆಗಾಗಿ ಕಾರವಾರ, ಅಂಕೋಲೆಗಳ ಕರಾವಳಿಯವರು ಕಡಲಂಚಿನ ಊರುಗಳನ್ನು ಬಿಟ್ಟರು. ಕಾಡಿನ ಅಂಚಿನಲ್ಲಿ ಎಮ್ಮೆ ಕಾಯುವ ಗೌಳಿಗಳಿಗೂ ಸಿದ್ದಿಗಳಿಗೂ ತಾವು ಉಳುವ ತುಂಡು ನೆಲದ ಕಾಗದವು ಕೈಸೇರುವುದು ಸುಲಭವಾಗಿರಲಿಲ್ಲ. ಇವರೂ ಮನೆ ಕಳೆದುಕೊಂಡವರೇ. ಇವರ ಮನೆಯನ್ನು ಪರದೇಶದ ದಂಡು ಕಸಿಯಲಿಲ್ಲ, ಸ್ವದೇಶದ ಅಗತ್ಯವು ಕಸಿಯಿತು, ಭೇದವಿಷ್ಟೆ. ಆದರೆ ಈ ದುಃಖಕ್ಕೆ ಉತ್ತರವು ಟಿಬೆಟಿನವರಿಗೆ ಕೊಟ್ಟುದನ್ನು ಕಡಮೆ ಮಾಡುವುದರಲ್ಲಿ ಇಲ್ಲ. ಅವರಿಗೆ ಕೊಡಲು ಸಾಧ್ಯವಾದ ಬುದ್ಧಿಯು ಇವರಿಗೂ ಸಾಧ್ಯವಾಗಲಿಲ್ಲವೇಕೆ ಎಂದು ಕೇಳುವುದೇ ಸರಿಯಾದ ಪ್ರಶ್ನೆ. ಅದಲ್ಲದೆ ಕೊಟ್ಟ ನೆಲವೂ ಸ್ವಂತಕ್ಕೆ ಕೊಟ್ಟುದಲ್ಲ. ಕೇಂದ್ರ ಸರಕಾರದ 2014ರ ಟಿಬೆಟಿಯನ್ ಪುನರ್ವಸತಿ ನೀತಿಯು ಆಯಾ ರಾಜ್ಯಗಳು ಇಂಥ ಭೂಮಿಯ ಬಗ್ಗೆ 20 ವರ್ಷಗಳ ಗೇಣಿಪತ್ರವನ್ನು ಮಾಡಿಕೊಡಬೇಕೆಂದು ಸೂಚಿಸಿತು. ಗೇಣಿಯ ನೆಲದ ಮೇಲೆ ಮನೆ ಕಟ್ಟಿದವನು ಗೋಡೆಯನ್ನು ಎಷ್ಟು ಗಟ್ಟಿಯಾಗಿ ಕಟ್ಟಿದರೂ ಅಡಿಪಾಯದಲ್ಲಿ ಒಂದು ಪ್ರಶ್ನೆಯು ಉಳಿದೇ ಇರುವುದು. ಈಚಿನ ವರ್ಷಗಳಲ್ಲಿ ಇಲ್ಲಿಯ ತರುಣರು ಅನೇಕರು ಕೆನಡಾ, ಅಮೆರಿಕ, ಯೂರೋಪುಗಳಿಗೆ ಹೋಗುತ್ತಿರುವುದಕ್ಕೆ ಸಂಪಾದನೆಯ ಆಸೆಯೊಂದೇ ಕಾರಣವಲ್ಲ; ಎಲ್ಲಿಯಾದರೂ ಒಂದೆಡೆ ಪ್ರಶ್ನೆಯಿಲ್ಲದೆ ನಿಲ್ಲಬೇಕೆಂಬ ಹಂಬಲವೂ ಅದರಲ್ಲಿ ಸೇರಿದೆ.

ಹೀಗಿರಲು ಒಂದು ಕಾಲೊನಿಯು ಒಳ್ಳೆಯದೋ ಕೆಟ್ಟದೋ ಎಂಬುದನ್ನು ತಿಳಿಯಲು ಒರೆಗಲ್ಲು ಯಾವುದು? ಅದು ಮಾತಿನ ಬೇರಿನಲ್ಲಿಯೇ ಇರುವಂತೆ ತೋರುವುದು. ಉಳುವುದು, ನೆಲೆಸುವುದು, ಆದರಿಸುವುದು ಎಂಬ ಮೂರು ಅರ್ಥಗಳು ಆ ಧಾತುವಿನಲ್ಲಿ ಒಟ್ಟಿಗೆ ಇದ್ದುವಷ್ಟೆ. ಈ ಮೂರೂ ಒಂದೆಡೆ ಇದ್ದರೆ ಆ ಮಾತು ಪೂರ್ಣ; ಒಂದು ತಪ್ಪಿದರೂ ಅದು ವಿಕಾರ. ಸಾಮ್ರಾಜ್ಯದ ಕಾಲೊನಿಯಲ್ಲಿ ಆಳುವವನು ನೆಲದ ಫಲವನ್ನು ತೆಗೆದುಕೊಂಡನು. ನೆಲವನ್ನಾಗಲಿ ಅಲ್ಲಿಯ ಜನವನ್ನಾಗಲಿ ಆದರಿಸಲಿಲ್ಲ. ಹಳ್ಳಿಯ ಹೊರಗಿನ ಕಾಲೊನಿಯಲ್ಲಿ ವಾಸವುಂಟು, ಸ್ವಂತ ಉಳುಮೆಯಿಲ್ಲ. ಊರ ಹೊಲಗಳ ದುಡಿಮೆಯೆಲ್ಲ ಅವರದಾದರೂ ಊರ ಆದರವಿಲ್ಲ. ಪಟ್ಟಣದ ಅಚ್ಚುಕಟ್ಟಾದ ಕಾಲೊನಿಯಲ್ಲಿ ವಾಸವೂ ಉಂಟು, ತಕ್ಕಮಟ್ಟಿಗೆ ಗೌರವವೂ ಉಂಟು. ಪಕ್ಕದ ಮನೆಯವರಾರೆಂಬುದನ್ನು ತಿಳಿಯುವ ಗೋಜು ಮಾತ್ರ ಅಲ್ಲಿಲ್ಲ. ಟಿಬೆಟನ್ ಕಾಲೊನಿಯಲ್ಲಿ ಉಳುಮೆ ಉಂಟು, ಅರ್ಧ ಶತಮಾನಕ್ಕೂ ಮೀರಿದ ವಾಸವುಂಟು. ಆದರವೂ ಇಲ್ಲವೆನ್ನುವಂತಿಲ್ಲ: ಸುತ್ತಣ ಹಳ್ಳಿಗರು ಅವರ ಹೊಲಗಳಲ್ಲಿ ದುಡಿಯುವರು, ಅವರು ಹಳ್ಳಿಗರ ಸಂತೆಗೆ ಬರುವರು, ಮಠದ ಉತ್ಸವಕ್ಕೆ ಮುಂಡಗೋಡದವರೂ ಹೋಗುವರು. ಕೊರತೆಯಾಗಿರುವುದು ನೆಲೆಸುವಿಕೆಯ ಪೂರ್ಣತೆ. ಅದು ಕಾನೂನಿನ ಕೈಯಲ್ಲಿಯೂ ಅವರ ಮನಸ್ಸಿನ ಆಳದಲ್ಲಿಯೂ ಇದೆ.

ಇಲ್ಲಿ ನೆರೆಯವನ ಕರ್ತವ್ಯವೇನೆಂಬುದು ಸ್ಪಷ್ಟವಾಗುತ್ತದೆ. ಬಂದವನು ತನ್ನ ಮನೆಯನ್ನು ಕ್ಯಾಂಪೆಂದು ಕರೆದುಕೊಂಡರೆ ಅದು ಅವನ ಹಕ್ಕು. ಏಕೆಂದರೆ ಆ ಮಾತಿನಲ್ಲಿ ಅವನು ಕಳೆದುಕೊಂಡುದರ ನೆನಪಿದೆ. ಆದರೆ ನೆರೆಯವನು ಅದೇ ಮಾತನ್ನು ಹಿಡಿದು ‘ನೀನು ಹೇಗೂ ಹೋಗುವವನು’ ಎಂಬ ಅರ್ಥದಲ್ಲಿ ಆಡಿದರೆ ಅದು ನೆನಪಲ್ಲ, ಹೊರದೂಡುವಿಕೆ. ಬೇಲಿಯನ್ನು ಒಳಗಿನವನು ತನ್ನ ತೋಟವನ್ನು ಕಾಯಲು ಹಾಕಿಕೊಂಡರೆ ಒಂದು ನ್ಯಾಯ, ಹೊರಗಿನವನು ಅವನನ್ನು ತಡೆಯಲು ಹಾಕಿದರೆ ಇನ್ನೊಂದು. ಇದೇ ನ್ಯಾಯವು ಊರ ಹೊರಗಿನ ಕಾಲೊನಿಗೂ ಸಲ್ಲುವುದು. ಅಲ್ಲಿಯವರು ಆ ಹೆಸರನ್ನು ತಾವಾಗಿ ಆರಿಸಿಕೊಂಡವರಲ್ಲ, ಬೇಲಿಯನ್ನು ಹಾಕಿಕೊಂಡವರೂ ಅಲ್ಲ. ಅವರಿಗೆ ಹಿಂದಿರುಗಬೇಕಾದ ಬೇರೊಂದು ದೇಶವೂ ಇಲ್ಲ; ಊರೇ ಅವರ ಊರು. ದೂರದಿಂದ ಬಂದ ಬಿಕ್ಕುವನ್ನು ಆದರದಿಂದ ಕಂಡು, ಊರಿನ ಅಂಚಿನಲ್ಲಿ ಹುಟ್ಟಿದವನನ್ನು ಕಾಲೊನಿಯವನೆಂದು ಹೊರಗೆ ನಿಲ್ಲಿಸಿದರೆ, ಆ ಆದರವು ಔದಾರ್ಯವಲ್ಲ, ಕುತೂಹಲವಷ್ಟೆ. ಅತಿಥಿಸತ್ಕಾರವು ಮನೆಯವರಿಗೆ ಸಲ್ಲಬೇಕಾದ ನ್ಯಾಯದ ಬದಲಿಗೆ ನಿಲ್ಲಲಾರದು.

ಹಾಗಾದರೆ ಈ ಮಾತನ್ನು ಬಿಟ್ಟುಬಿಡುವುದೇ ಲೇಸೇ? ಅದರಿಂದ ಪ್ರಯೋಜನವು ಸ್ವಲ್ಪ. ಹೆಸರಿನ ಬದಲಾವಣೆಯಿಂದ ಪೋರ್ತುಗಾಲವು ಏನನ್ನು ಸಾಧಿಸಿತೋ ಅಷ್ಟನ್ನೇ ‘ನಗರ’ವೆಂಬ ಹೊಸ ಫಲಕವನ್ನು ತೂಗುಹಾಕುವವರೂ ಸಾಧಿಸಿಯಾರು. ಪಾಳ್ಯವು ಊರಾದುದು ಹೆಸರನ್ನು ಬದಲಿಸಿಕೊಂಡು ಅಲ್ಲ. ಇಂದಿಗೂ ಅದು ಪಾಳ್ಯವೆಂದೇ ಕರೆಯಿಸಿಕೊಳ್ಳುತ್ತದೆ, ಅಲ್ಲಿ ದಂಡಿತ್ತೆಂಬುದನ್ನು ನೆನೆಯುವವರಾರೂ ಇಲ್ಲ. ಅಲ್ಲಿ ಮನೆಗಳು ಎದ್ದುವು, ಬಾವಿಗಳು ತೋಡಲ್ಪಟ್ಟುವು, ಹೆಣ್ಣು ಕೊಟ್ಟು ತಂದರು, ಸತ್ತವರಿಗೆ ಅಲ್ಲಿಯೇ ಮಣ್ಣಾಯಿತು. ಮಾತು ತಾನಾಗಿ ತನ್ನ ಕತ್ತಿಯನ್ನು ಕೆಳಗಿಟ್ಟಿತು. ಕಾಲೊನಿ ಎಂಬ ಮಾತೂ ಹಾಗೆಯೇ ಪಳಗಬಹುದು. ಅದು ಪಳಗುವುದು ನಿಘಂಟನ್ನು ಬರೆಯುವವರ ಕೈಯಿಂದಲ್ಲ. ನೆರೆಮನೆಗೆ ಹೋಗಿಬರುವವರ ಕಾಲಿನಿಂದ, ಭೂಮಿಯ ಕಾಗದವನ್ನು ಬರೆಯುವವರ ನ್ಯಾಯಬುದ್ಧಿಯಿಂದ, ಊರ ಬಾವಿಯಲ್ಲಿ ಎಲ್ಲರ ಕೊಡವೂ ಇಳಿಯುವುದರಿಂದ. ಉಳುವವನ ಹೆಸರಾಗಿ ಹುಟ್ಟಿ, ಕೊಳ್ಳೆಹೊಡೆಯುವವನ ಹೆಸರಾಗಿ ಕೆಟ್ಟ ಮಾತೊಂದು, ಮನೆಯಿಲ್ಲದವನ ಹೆಸರಾಗಿ ಮುಂಡಗೋಡದ ಹೊಲಗಳಿಗೆ ಬಂದು ನಿಂತಿದೆ. ಅದರ ಮುಂದಿನ ಅರ್ಥವೇನಾಗುವುದೆಂಬುದು ಅದನ್ನು ದಿನವೂ ಆಡುವವರ ನಡತೆಯನ್ನೇ ಅವಲಂಬಿಸಿದೆ.